ವೃದ್ಧಾಶ್ರಮದ ಹಿರಿಯರಿಗೂ ಒಬ್ಬ ಡಾಕ್ಟರ್ ಇರಲಿ: ವಿಜಯಪುರ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ ನಮಸ್ಕಾರಗಳು.

ಸುತ್ತು ಬಳಸದೆ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಪ್ರತಿ ವೃದ್ಧಾಶ್ರಮಕ್ಕೂ ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಒಬ್ಬರೇ ಡಾಕ್ಟರ್ ವಿಡಿಯೋ ಕಾಲ್‌ನಲ್ಲಿ ಸಿಗುವ ಹಾಗೆ ಮಾಡಿಕೊಡಿ. ಆ ಹೊತ್ತಿಗೆ ಹಿರಿಯರ ಪಕ್ಕದಲ್ಲಿ ಬಿಪಿ ನೋಡಲು, ಕಾಲು ಒತ್ತಿ ನೋಡಲು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಲು ಬರುವ ಒಬ್ಬರು ನಿಂತಿರಲಿ. ನಾನು ಕೇಳುತ್ತಿರುವುದು ಮುಖ್ಯವಾಗಿ ಇಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯ್ದೆ ಬೇಡ. ಇರುವ ವ್ಯವಸ್ಥೆಯನ್ನೇ ಆಶ್ರಮದ ಬಾಗಿಲಿನವರೆಗೆ ತರಬೇಕು, ಅಷ್ಟೇ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಈಗ ಸಿಂದಗಿ ರಸ್ತೆಯ ಕಡೆ ಇರುವ ಒಂದು ಆಶ್ರಮಕ್ಕೆ ಹೋಗಿ ಅಲ್ಲಿನ ಹಿರಿಯರ ಮಾತ್ರೆ, ಶುಗರ್, ಡ್ರೆಸಿಂಗ್ ನೋಡಿಕೊಳ್ಳುತ್ತೇನೆ. ಸಂಬಳದ ಕೆಲಸ ಅಲ್ಲ. ಆಶ್ರಮ ನಡೆಸುವವರು ಒಳ್ಳೆಯ ಜನ, ದಾನಿಗಳ ದುಡ್ಡಿನಲ್ಲಿ ಹೊತ್ತು ಹೊತ್ತಿಗೆ ರೊಟ್ಟಿ, ಪಲ್ಯ, ಅನ್ನ ಕೊಡುತ್ತಾರೆ, ಹಾಸಿಗೆ ಸ್ವಚ್ಛ ಇಡುತ್ತಾರೆ. ಆದರೆ ಕಾಯಿಲೆ ಬಂದಾಗ ಅವರಿಗೂ ಕೈಕಾಲು ಆಡುವುದಿಲ್ಲ. ಯಾಕೆಂದರೆ ಆಶ್ರಮದಲ್ಲಿ ಇರುವವರಿಗೆ 'ನಮ್ಮ ಡಾಕ್ಟರ್' ಅಂತ ಯಾರೂ ಇಲ್ಲ.

ಒಬ್ಬ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ, ಕಚೇರಿಯಲ್ಲಿ ಕೂತವರಿಗೆ ಇದು ಕಾಣುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಬೆಳಿಗ್ಗೆ ಬೇಗ ಎಬ್ಬಿಸಿ ಸ್ನಾನ ಮಾಡಿಸಬೇಕು. ಕೆಲವರಿಗೆ ದಾರಿಯಲ್ಲಿ ಮೂತ್ರ ತಡೆಯಲು ಆಗುವುದಿಲ್ಲ, ಅದಕ್ಕೆ ಬೇಕಾದ್ದು ಕಟ್ಟಬೇಕು. ಟಂಟಂ (ಬಾಡಿಗೆ ಆಟೋ) ಮಾತಾಡಬೇಕು. ಟಂಟಂಗೆ ಹತ್ತಿಸಲು ಇಬ್ಬರು ಬೇಕು, ಇಳಿಸಲು ಇಬ್ಬರು ಬೇಕು. ಹಾಗೆ ಇಬ್ಬರು ಹೋದರೆ ಆಶ್ರಮದಲ್ಲಿ ಉಳಿದವರನ್ನು ನೋಡುವವರು ಯಾರು? ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲು, ಡಾಕ್ಟರ್ ಕೋಣೆ ಮುಂದಿನ ಸಾಲು, ರಕ್ತ ಕೊಡುವ ಸಾಲು, ಔಷಧಿ ಸಾಲು. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತೇ ಇದೆ, ನಲವತ್ತು ಡಿಗ್ರಿ ದಾಟುತ್ತದೆ. ಎಂಬತ್ತು ದಾಟಿದವರು ಆ ಬಿಸಿಲಲ್ಲಿ ನೀರು ಕುಡಿಯಲೂ ಒಪ್ಪುವುದಿಲ್ಲ, ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ ಅಂತ. ಮಧ್ಯಾಹ್ನ ವಾಪಸ್ ಬರುವ ಹೊತ್ತಿಗೆ ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿ ಸೋತಿರುತ್ತಾರೆ. ಇಷ್ಟೆಲ್ಲ ಆಗಿ ಡಾಕ್ಟರ್ ಹೇಳಿದ್ದು 'ಇದೇ ಗುಳಿಗೆ ಮುಂದುವರಿಸಿ' ಅಂತ. ಆ ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಅವರಾದರೂ ಏನು ಮಾಡಬೇಕು? ಆದರೆ ಆ ಒಂದು ಮಾತು ಹೇಳಲು ಆ ಅಜ್ಜ ಅಲ್ಲಿಯವರೆಗೆ ಹೋಗುವ ಅಗತ್ಯ ಇರಲಿಲ್ಲ.

ಇದು ಜಿಲ್ಲಾ ಕೇಂದ್ರದ ಹತ್ತಿರ ಇರುವವರ ಕಥೆ. ಮುದ್ದೇಬಿಹಾಳ, ತಾಳಿಕೋಟೆ, ಇಂಡಿ, ಚಡಚಣದ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಒಂದು ದಿನವೇ ಹೋಯಿತು. ಹಾಗಾಗಿ ಏನಾಗುತ್ತದೆ? 'ನಾಳೆ ನೋಡೋಣ' ಅಂತಾರೆ. ನಾಳೆ ನಾಡಿದ್ದು ಆಗುತ್ತದೆ. ಸಣ್ಣ ಕೆಮ್ಮು ನ್ಯುಮೋನಿಯಾ ಆದ ಮೇಲೆ, ಹಿಮ್ಮಡಿಯ ಸಣ್ಣ ಗಾಯ ಕಪ್ಪಾದ ಮೇಲೆ 108ಕ್ಕೆ ಫೋನ್ ಹೋಗುತ್ತದೆ.

ಈಗ ವಿಡಿಯೋ ಕಾಲ್ ಏನು ಮಾಡಬಲ್ಲದು ಅನ್ನುವುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ.

ನಮ್ಮಲ್ಲಿ ಒಬ್ಬ ಆಯಿ, ಅಂದರೆ ಅಜ್ಜಿ, ಇದ್ದಾರೆ. ಅವರ ಎರಡೂ ಕಾಲು ಬಾತಿದ್ದವು. ಸಂಜೆ ಆದರೆ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ. ಆಶ್ರಮದವರಿಗೆ ಹೆದರಿಕೆ, ಕಿಡ್ನಿ ಹೋಯಿತೇನೋ, ಹೃದಯಕ್ಕೆ ಏನಾದರೂ ಆಯಿತೇನೋ ಅಂತ. ಪರಿಚಯದ ಡಾಕ್ಟರ್ ಒಬ್ಬರು ಬೇರೆ ಊರಿನಲ್ಲಿದ್ದಾರೆ, ಅವರು ವಿಡಿಯೋದಲ್ಲಿ ಸಿಕ್ಕರು. ಮೊದಲು ನನಗೆ ಹೇಳಿದ್ದು, ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಿರಿ, ಕ್ಯಾಮೆರಾ ಹತ್ತಿರ ತನ್ನಿ ಅಂತ. ಬೆರಳು ತೆಗೆದ ಮೇಲೆ ಗುಳಿ ಹಾಗೇ ಉಳಿಯಿತು, ಅವರು ನೋಡಿದರು. ಆಮೇಲೆ ಆಯಿ ಮಲಗಿದಾಗ ಉಸಿರಾಟಕ್ಕೆ ತೊಂದರೆ ಆಗುತ್ತದೆಯೇ, ಎಷ್ಟು ದಿಂಬು ಹಾಕಿಕೊಳ್ಳುತ್ತಾರೆ, ರಾತ್ರಿ ಎದ್ದು ಕೂರುತ್ತಾರೆಯೇ ಅಂತ ಕೇಳಿದರು. ಬೆರಳಿಗೆ ಆಕ್ಸಿಮೀಟರ್ ಹಾಕಿಸಿದರು, ಬಿಪಿ ಹಾಕಿಸಿದರು, ನಾಡಿ ಎಣಿಸಲು ಹೇಳಿದರು. ಕೊನೆಗೆ ಕೇಳಿದ್ದೇ ಮುಖ್ಯ: 'ಆಯಿಯ ಎಲ್ಲಾ ಗುಳಿಗೆ ಪಟ್ಟಿ ಹಾಸಿಗೆ ಮೇಲೆ ಹರಡಿ, ಒಂದೊಂದೇ ತೋರಿಸ್ರಿ.'

ಆಯಿಯ ಪ್ಲಾಸ್ಟಿಕ್ ಚೀಲ ಸುರಿದೆವು. ಮಗಳ ಊರಲ್ಲಿದ್ದಾಗ ಒಬ್ಬ ಡಾಕ್ಟರ್ ಬರೆದದ್ದು, ಇಲ್ಲಿಗೆ ಬಂದ ಮೇಲೆ ಇನ್ನೊಬ್ಬರು ಬರೆದದ್ದು, ಎರಡೂ ಬೇರೆ ಬೇರೆ ಕಂಪನಿಯ ಹೆಸರು, ಬೇರೆ ಬೇರೆ ಬಣ್ಣ. ಹಿಂಭಾಗದ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಅಮ್ಲೋಡಿಪಿನ್. ಒಂದೇ ಬಿಪಿ ಮಾತ್ರೆಯನ್ನು ಆಯಿ ದಿನಾ ಎರಡು ಸಲ ನುಂಗುತ್ತಿದ್ದರು. ಅಮ್ಲೋಡಿಪಿನ್ ಡೋಸ್ ಜಾಸ್ತಿಯಾದರೆ ಕಾಲು ಬಾಯುವುದು ಅದರ ತಿಳಿದ ಅಡ್ಡಪರಿಣಾಮ. ಡಾಕ್ಟರ್ ಒಂದನ್ನು ನಿಲ್ಲಿಸಿದರು, ದಿನಾ ಬಿಪಿ ಬರೆದಿಡಲು ಹೇಳಿದರು, ಕಿಡ್ನಿ ರಕ್ತ ಪರೀಕ್ಷೆ ಒಂದನ್ನು ಬರೆದರು, ಮುಂದಿನ ವಾರ ಮತ್ತೆ ತೋರಿಸಿ ಅಂದರು. ಬಾವು ಇಳಿಯಿತು. ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದರೆ ಆ ಚೀಲ ಆಶ್ರಮದ ಕಪಾಟಿನಲ್ಲೇ ಇರುತ್ತಿತ್ತು ಅನ್ನುವುದು ನನ್ನ ಖಾತ್ರಿ ಮಾತು. ಬಹಳ ಸಲ ಹಿರಿಯರು ಆಸ್ಪತ್ರೆಗೆ ಬರುವಾಗ ಮಾತ್ರೆ ತರುವುದೇ ಇಲ್ಲ. 'ಬಿಳೀ ಗುಳಿಗಿ, ಸಣ್ಣದು' ಅನ್ನುತ್ತಾರೆ ಅಷ್ಟೇ.

ಈ ಕೆಲಸ ಬರೀ ಫೋನಿನಿಂದ ಆದದ್ದಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಿ. ಕಾಲು ಒತ್ತಲು ಒಂದು ಕೈ ಬೇಕಾಯಿತು. ಬಿಪಿ ಪಟ್ಟಿಯನ್ನು ತೋಳಿಗೆ ಸರಿಯಾಗಿ ಸುತ್ತಲು, ಐದು ನಿಮಿಷ ಸುಮ್ಮನೆ ಕೂರಿಸಿದ ಮೇಲೆ ನೋಡಲು ಬರಬೇಕಾಯಿತು. ಆಯಿಗೆ ಕಿವಿ ಮಂದ, ಡಾಕ್ಟರ್ ಕೇಳಿದ್ದನ್ನು ಅವರ ಕಿವಿ ಹತ್ತಿರ ಅವರದೇ ಮಾತಿನಲ್ಲಿ ಹೇಳಬೇಕಾಯಿತು. ಇದನ್ನು ಆಶ್ರಮದ ಅಡುಗೆಯವರ ಕೈಗೆ ಟ್ಯಾಬ್ ಕೊಟ್ಟು ಮಾಡಿಸಲು ಆಗುವುದಿಲ್ಲ.

ಇನ್ನು ಕಾನೂನಿನ ಮಾತು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ಲಾಕ್‌ಡೌನ್ ಶುರುವಾದ ದಿನವೇ. ಅದರ ಪ್ರಕಾರ ನೋಂದಾಯಿತ ಡಾಕ್ಟರ್ ವಿಡಿಯೋ, ಆಡಿಯೋ, ಬರಹದ ಮೂಲಕ ನೋಡಬಹುದು, ಔಷಧಿ ಬರೆಯಬಹುದು. ಯಾವ ಔಷಧಿ ಯಾವಾಗ ಬರೆಯಬಹುದು ಅನ್ನುವುದಕ್ಕೂ ಪಟ್ಟಿಗಳಿವೆ. ರೋಗಿಯ ಆರೈಕೆ ಮಾಡುವವರು ಅವರ ಪರವಾಗಿ ಮಾತಾಡಬಹುದು, ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಇದು ಎಷ್ಟು ಮುಖ್ಯ ಅಂತ ನಿಮಗೆ ಗೊತ್ತು. ಆರೋಗ್ಯ ಕಾರ್ಯಕರ್ತೆ ಪಕ್ಕದಲ್ಲಿದ್ದು ಮಾಡಿಸುವ ಕರೆಗೂ ಅದರಲ್ಲಿ ಜಾಗ ಇದೆ. ಅಂದರೆ ನಾನು ಕೇಳುತ್ತಿರುವುದಕ್ಕೆ ಕಾನೂನಿನ ಅಡ್ಡಿ ಇಲ್ಲವೇ ಇಲ್ಲ.

ಸರ್ಕಾರದ್ದೇ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿಯೂ ಇದೆ. 2019ರಲ್ಲಿ ಉಪಕೇಂದ್ರದಿಂದ ಡಾಕ್ಟರ್‌ಗೆ ಕನೆಕ್ಟ್ ಮಾಡುವ ರೂಪದಲ್ಲಿ ಶುರುವಾಗಿ, 2020ರ ಏಪ್ರಿಲ್‌ನಿಂದ ಮನೆಯಲ್ಲೇ ಕೂತು ಮಾತಾಡುವ ಸೌಲಭ್ಯವೂ ಬಂತು. 2023ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆ ದಾಟಿತ್ತು. ಉಚಿತ. ಒಳ್ಳೆಯ ಕೆಲಸ, ನಾನು ಮೆಚ್ಚುತ್ತೇನೆ. ಆದರೆ ಅದನ್ನು ಆಶ್ರಮದಲ್ಲಿ ಬಳಸಿ ನೋಡಿ. ಮೊಬೈಲ್ ನಂಬರ್ ಬೇಕು, ಓಟಿಪಿ ಬರಬೇಕು. ನಮ್ಮ ಅಜ್ಜ-ಅಜ್ಜಿಯರಲ್ಲಿ ಎಷ್ಟು ಜನರ ಬಳಿ ಫೋನ್ ಇದೆ? ಇದ್ದರೂ ಆಧಾರ್‌ಗೆ ಕೊಟ್ಟ ನಂಬರ್ ಮಗನದು, ಆ ಮಗ ಗೋವಾದಲ್ಲೋ ಪುಣೆಯಲ್ಲೋ ಕೆಲಸದಲ್ಲಿರುತ್ತಾನೆ, ನಂಬರ್ ಬದಲಾಗಿರುತ್ತದೆ. ಕೊನೆಗೆ ಮೇಲ್ವಿಚಾರಕರ ಒಂದೇ ನಂಬರ್‌ನಿಂದ ಎಲ್ಲರದ್ದೂ ನಡೆಯುತ್ತದೆ. ಸರದಿ ಬಂದಾಗ ಸಿಗುವ ಡಾಕ್ಟರ್ ಪ್ರತಿ ಸಲ ಬೇರೆ. ಕಳೆದ ಸಲ ಏನು ಹೇಳಿದ್ದರು, ಯಾವ ಮಾತ್ರೆ ನಿಲ್ಲಿಸಿದ್ದರು ಅನ್ನುವುದನ್ನು ಮೊದಲಿನಿಂದ ಹೇಳಬೇಕು. ಜ್ವರ, ನೆಗಡಿಗೆ ಇದು ನಡೆಯುತ್ತದೆ. ಆದರೆ ಶುಗರ್, ಬಿಪಿ, ಪಾರ್ಕಿನ್ಸನ್, ಮರೆವು, ಮೂರು ನಾಲ್ಕು ಕಾಯಿಲೆ ಒಟ್ಟಿಗೆ ಇರುವ ಎಂಬತ್ತರ ಹಿರಿಯರಿಗೆ ಪ್ರತಿ ಸಲ ಹೊಸ ಡಾಕ್ಟರ್ ಅಂದರೆ ಮಾತ್ರೆಗಳ ಸಂಖ್ಯೆ ಬೆಳೆಯುತ್ತಾ ಹೋಗುತ್ತದೆ ಅಷ್ಟೇ, ಯಾರೂ ಕಡಿಮೆ ಮಾಡುವುದಿಲ್ಲ.

ಅದಕ್ಕೇ 'ಒಬ್ಬರೇ ಡಾಕ್ಟರ್' ಅಂತ ನಾನು ಒತ್ತಿ ಹೇಳುತ್ತಿರುವುದು.

ಹೊರದೇಶದ ಅನುಭವವನ್ನೂ ನೋಡಿ. ಅಮೆರಿಕದಲ್ಲಿ ವೃದ್ಧರ ಆರೈಕೆ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ನಿಯಮವೇ ಇದೆ: ಸೇರಿದ ಮೊದಲ 90 ದಿನಗಳಲ್ಲಿ 30 ದಿನಕ್ಕೊಮ್ಮೆ, ಆಮೇಲೆ ಕನಿಷ್ಠ 60 ದಿನಕ್ಕೊಮ್ಮೆ ಡಾಕ್ಟರ್ ನೋಡಲೇಬೇಕು. ಅದರ ಮೇಲೆ ವಿಡಿಯೋ ಕರೆ. ಮಸಾಚುಸೆಟ್ಸ್ ರಾಜ್ಯದ 11 ಕೇಂದ್ರಗಳಲ್ಲಿ ರಾತ್ರಿ ಮತ್ತು ವಾರಾಂತ್ಯದ ಹೊತ್ತಿಗೆ ಫೋನ್ ಬದಲು ವಿಡಿಯೋದಲ್ಲಿ ಡಾಕ್ಟರ್ ಸಿಗುವ ವ್ಯವಸ್ಥೆ ಮಾಡಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಇದು: ಯಂತ್ರ ಇಟ್ಟ ಎಲ್ಲಾ ಕಡೆ ಒಂದೇ ಫಲ ಬರಲಿಲ್ಲ. ಸಿಬ್ಬಂದಿ ಅದನ್ನು ನಿಜವಾಗಿ ಬಳಸಿದ ಕೇಂದ್ರಗಳಲ್ಲಿ ಆಸ್ಪತ್ರೆಗೆ ಸೇರಿಸುವುದು ಹೆಚ್ಚು ಕಡಿಮೆಯಾಯಿತು, ಅಷ್ಟಾಗಿ ಬಳಸದ ಕಡೆ ಆ ಲಾಭ ಕಾಣಲಿಲ್ಲ. ಅಷ್ಟು ಅನುಕೂಲ ಇರುವ ದೇಶದಲ್ಲೇ ಹೀಗಾದರೆ, ಇಲ್ಲಿ ಟ್ಯಾಬ್ ಹಂಚಿ ಫೋಟೋ ತೆಗೆಸಿಕೊಂಡು ಬಿಟ್ಟರೆ ಅದು ಕಪಾಟು ಸೇರುವುದು ಖಂಡಿತ.

ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದಯ ಆಸ್ಪತ್ರೆಗೆ ಜೋಡಿಸಿದ್ದು 2000ದ ದಶಕದ ಆರಂಭದಲ್ಲೇ. ಆಗ ಅದಕ್ಕೆ ದೊಡ್ಡ ಡಿಶ್ ಬೇಕಿತ್ತು. ಈಗ ಹತ್ತು ಸಾವಿರ ರೂಪಾಯಿಯ ಫೋನ್ ಸಾಕು.

ರಾತ್ರಿಯ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಹಗಲು ಹೇಗೋ ನಡೆಯುತ್ತದೆ. ರಾತ್ರಿ ಒಂಬತ್ತರ ಮೇಲೆ ಆಶ್ರಮದಲ್ಲಿ ಇರುವವರು ಒಬ್ಬ ವಾಚ್‌ಮನ್, ಒಬ್ಬ ಆಯಾ. ಆ ಹೊತ್ತಿಗೆ ಒಬ್ಬ ಅಜ್ಜ ಇದ್ದಕ್ಕಿದ್ದಂತೆ ಬಡಬಡಿಸಲು ಶುರು ಮಾಡುತ್ತಾರೆ. ಹೊಲಕ್ಕೆ ಹೋಗಬೇಕು, ಎತ್ತು ಬಿಚ್ಚಬೇಕು ಅನ್ನುತ್ತಾರೆ, ಹಾಸಿಗೆ ಬಿಟ್ಟು ಏಳುತ್ತಾರೆ, ಗುರುತು ಹಿಡಿಯುವುದಿಲ್ಲ. ಆಯಾ ಏನಂದುಕೊಳ್ಳುತ್ತಾಳೆ? 'ವಯಸ್ಸಾತು, ಅರಳು ಮರಳು' ಅಂತ. ಬಾಗಿಲು ಹಾಕಿ ಮಲಗಿಸುತ್ತಾಳೆ. ಅವಳ ತಪ್ಪಿಲ್ಲ, ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಆದರೆ ನಿನ್ನೆವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಹೀಗಾದರೆ ಅದು ವಯಸ್ಸಿನ ಮರೆವಲ್ಲ. ಮೂತ್ರದ ಸೋಂಕು ಇರಬಹುದು, ಸೋಡಿಯಂ ಇಳಿದಿರಬಹುದು, ಶುಗರ್ ಬಿದ್ದಿರಬಹುದು, ಹೊಸದಾಗಿ ಶುರು ಮಾಡಿದ ಯಾವುದೋ ಮಾತ್ರೆ ಇರಬಹುದು, ನೀರು ಕಡಿಮೆಯಾಗಿರಬಹುದು. ಅದರಲ್ಲಿ ಶುಗರ್ ಬಿದ್ದದ್ದಾದರೆ ಬೆಳಗಿನವರೆಗೆ ಕಾಯುವಂತೆಯೇ ಇಲ್ಲ. ಆ ಹೊತ್ತಿಗೆ ಒಬ್ಬ ಡಾಕ್ಟರ್ ವಿಡಿಯೋದಲ್ಲಿ ಸಿಕ್ಕರೆ 'ಮೊದಲು ಬೆರಳು ಚುಚ್ಚಿ ಶುಗರ್ ನೋಡಿ' ಅನ್ನುತ್ತಾರೆ. ಆ ಒಂದು ಮಾತಿನಲ್ಲಿ ಜೀವ ಉಳಿಯುತ್ತದೆ. 104 ಸಹಾಯವಾಣಿ ಇದೆ, ಸಲಹೆ ಸಿಗುತ್ತದೆ, ಆದರೆ ಆ ಕಡೆಯವರಿಗೆ ಈ ಅಜ್ಜ ಯಾರು, ಏನು ನುಂಗುತ್ತಾರೆ ಅಂತ ಗೊತ್ತಿರುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯ ಡಾಕ್ಟರ್ ಹೇಗೂ ಇರುತ್ತಾರೆ. ಆಶ್ರಮಗಳಿಗೆ ಮಾತ್ರ ಕೊಡುವ ಒಂದು ನಂಬರ್, ಆ ಡಾಕ್ಟರ್ ಮುಂದೆ ಆಶ್ರಮದವರ ಮಾತ್ರೆ ಪಟ್ಟಿ ಇರುವ ಒಂದು ಫೈಲ್. ಇಷ್ಟು ಮಾಡಿಸಲು ಆಗುವುದಿಲ್ಲವೇ?

ವಿಡಿಯೋದಲ್ಲಿ ಆಗದ್ದೂ ಇದೆ. ಎದೆ ನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲು ಬಾರದಿರುವುದು, ಮಾತು ತೊದಲುವುದು, ಬಿದ್ದು ಸೊಂಟ ಮುರಿದದ್ದು, ಏದುಸಿರು. ಇದಕ್ಕೆಲ್ಲ ವಿಡಿಯೋ ಹಚ್ಚಿಕೊಂಡು ಕೂರಬಾರದು, ನೇರ 108. ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ತಾಸಿನ ಒಳಗಿನ ಸಮಯ ಮಾತ್ರ ಇರುತ್ತದೆ, ಅದರಲ್ಲಿ ಸ್ಕ್ಯಾನ್ ಕೂಡ ಆಗಬೇಕು. ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ, ತುರ್ತು ಇದ್ದಾಗ ಪ್ರಥಮ ಚಿಕಿತ್ಸೆಯ ಸಲಹೆ ಕೊಟ್ಟು ಆಸ್ಪತ್ರೆಗೆ ಕಳಿಸಿ ಅಂತ. ಇನ್ನೊಂದು, ಮಾರ್ಫಿನ್‌ನಂಥ ಔಷಧಿಯನ್ನು ವಿಡಿಯೋ ಮೂಲಕ ಬರೆಯುವಂತಿಲ್ಲ. ಕ್ಯಾನ್ಸರ್ ನೋವಿನಲ್ಲಿ ಆಶ್ರಮದಲ್ಲೇ ಕೊನೆಯ ದಿನ ಕಳೆಯುವವರಿಗೆ ಡಾಕ್ಟರ್ ಖುದ್ದಾಗಿ ಬರಲೇಬೇಕು. ಅವರನ್ನು ಟಂಟಂನಲ್ಲಿ ಹಾಕಿಕೊಂಡು ಓಡಾಡಿಸುವುದನ್ನು ನಾನು ನೋಡಿದ್ದೇನೆ, ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಕೆಲವು ಸ್ನೇಹಿತರು ನನ್ನನ್ನು ಕೇಳಿದರು, 'ಅಕ್ಕಾರ, ವಿಡಿಯೋ ಅಂತ ಶುರುವಾದ್ರ ಡಾಕ್ಟರ್ ಬರೋದ ನಿಂತ್ ಹೋಗ್ತದ, ಯೋಚನೆ ಮಾಡ್ರಿ' ಅಂತ. ಅವರ ಹೆದರಿಕೆ ಸುಳ್ಳಲ್ಲ. ಅದಕ್ಕೆ ಉತ್ತರವೂ ಅದೇ ಮಾರ್ಗಸೂಚಿಯಲ್ಲಿ ಇದೆ. ಅದೇ ಕಾಯಿಲೆಗೆ ಖುದ್ದಾಗಿ ತೋರಿಸಿ ಆರು ತಿಂಗಳ ಒಳಗೆ ಮಾಡುವ ಕರೆಯನ್ನಷ್ಟೇ ಮುಂದುವರಿದ ಚಿಕಿತ್ಸೆ ಅಂತ ಅದು ಒಪ್ಪುತ್ತದೆ. ಆರು ತಿಂಗಳು ದಾಟಿದರೆ ಮತ್ತೆ ಮೊದಲ ಭೇಟಿಯ ಲೆಕ್ಕ. ಹಾಗಾಗಿ ಆದೇಶದಲ್ಲೇ ಬರೆಯಿರಿ: ಕನಿಷ್ಠ ಆರು ತಿಂಗಳಿಗೊಮ್ಮೆ, ಸಾಧ್ಯವಾದರೆ ಮೂರು ತಿಂಗಳಿಗೊಮ್ಮೆ, ಆ ಡಾಕ್ಟರ್ ಆಶ್ರಮಕ್ಕೆ ಬಂದು ಪ್ರತಿಯೊಬ್ಬರನ್ನೂ ಕೈ ಹಿಡಿದು ನೋಡಬೇಕು. ಹೊಟ್ಟೆ ಒತ್ತಬೇಕು, ಎದೆಗೆ ಸ್ಟೆತಸ್ಕೋಪ್ ಇಡಬೇಕು, ಕಾಲಿನ ಬೆರಳ ಸಂದಿ ನೋಡಬೇಕು, ಕಣ್ಣು, ಕಿವಿ, ಹಲ್ಲು ನೋಡಬೇಕು. ಒಮ್ಮೆ ಮುಖ ಕಂಡವರು ಆಮೇಲೆ ಪರದೆಯಲ್ಲಿ ಬಂದರೆ ಹಿರಿಯರಿಗೆ ನಂಬಿಕೆ ಬರುತ್ತದೆ. ಗುರುತೇ ಇಲ್ಲದ ಮುಖ ಫೋನಿನಲ್ಲಿ ಬಂದು 'ಏನಾಗಿದೆ ಅಜ್ಜಿ' ಅಂದರೆ ಅವರು ಬಾಯಿ ಬಿಡುವುದಿಲ್ಲ. ಒಬ್ಬ ಅಜ್ಜಿ ನನ್ನ ಕಿವಿಯಲ್ಲಿ ಕೇಳಿದ್ದರು, 'ಯವ್ವಾ, ಇವರ ಮುಂದ ಹೆಂಗ ಹೇಳ್ಲಿ, ಇವರು ಯಾರ ಪೈಕಿ?' ಅಂತ. ಅವರಿಗೆ ಇದ್ದದ್ದು ಗರ್ಭಕೋಶ ಜಾರಿದ ತೊಂದರೆ. ಎಷ್ಟೋ ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಇದೇ ಕಾರಣಕ್ಕೆ ಕರೆ ಎಲ್ಲಿ ನಡೆಯುತ್ತದೆ ಅನ್ನುವುದೂ ಮುಖ್ಯ. ಹಾಲ್‌ನಲ್ಲಿ ಎಲ್ಲರ ಮುಂದೆ ಲೌಡ್‌ಸ್ಪೀಕರ್ ಹಾಕಿ ಮಾಡುವುದು ಬೇಡ. ಒಂದು ಕೋಣೆ, ಒಂದು ಪರದೆ, ಬೆಳಕು ಮುಖದ ಕಡೆ ಬೀಳುವ ಹಾಗೆ ಒಂದು ಕುರ್ಚಿ. ಹಾಸಿಗೆ ಹುಣ್ಣಿನ ಫೋಟೋಗಳು ಈಗ ಸಿಬ್ಬಂದಿಯ ಸ್ವಂತ ಫೋನಿನ ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ, ಮನೆಯ ಮಕ್ಕಳ ಕೈಗೆ ಹೋಗುವ ಅದೇ ಫೋನಿನಲ್ಲಿ. ಅದು ನಿಲ್ಲಬೇಕು. ಆಶ್ರಮದ್ದೇ ಒಂದು ಟ್ಯಾಬ್ ಇರಲಿ, ಬೀಗದೊಳಗಿರಲಿ. ಹಿರಿಯರನ್ನು ಮೊದಲು ಕೇಳಬೇಕು, ವಿಡಿಯೋದಲ್ಲಿ ತೋರಿಸಬಹುದಾ ಅಂತ. ಆರೈಕೆಯವರು ಕರೆ ಮಾಡುವಾಗ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು ಅಂತ ಮಾರ್ಗಸೂಚಿಯೇ ಹೇಳುತ್ತದೆ. ಆಶ್ರಮಕ್ಕೆ ಬಂದ ಮೇಲೆ ಅವರನ್ನು ಯಾರೂ ಯಾವುದಕ್ಕೂ ಕೇಳದೇ ಇರುವುದೇ ರೂಢಿಯಾಗಿದೆ, ಕನಿಷ್ಠ ಇದನ್ನಾದರೂ ಕೇಳೋಣ.

ಹಾಸಿಗೆ ಹುಣ್ಣು ಅಂದೆ. ವಿಡಿಯೋದಿಂದ ಬಹಳ ಲಾಭ ಆಗುವ ಜಾಗ ಇದು. ಗಾಯದ ಪಕ್ಕ ಒಂದು ಸ್ಕೇಲ್ ಇಟ್ಟು, ಕಿಟಕಿ ಬೆಳಕಿನಲ್ಲಿ ವಾರಕ್ಕೊಮ್ಮೆ ಅದೇ ದೂರದಿಂದ ತೋರಿಸಿದರೆ ಗಾಯ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಡಾಕ್ಟರ್‌ಗೆ ಗೊತ್ತಾಗುತ್ತದೆ. ಯಾವ ಡ್ರೆಸಿಂಗ್, ಸತ್ತ ಚರ್ಮ ತೆಗೆಯಬೇಕೇ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಾರೆಯೇ, ಎಲ್ಲ ಅಲ್ಲೇ ಮಾತಾಡಬಹುದು. ಮಲಗಿದಲ್ಲೇ ಇರುವವರನ್ನು ಇದಕ್ಕಾಗಿ ಆಸ್ಪತ್ರೆಗೆ ಸಾಗಿಸಿದರೆ ದಾರಿಯ ಕುಲುಕಾಟಕ್ಕೇ ಹುಣ್ಣು ಕಿತ್ತುಬರುತ್ತದೆ.

ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಕನ್ನಡದಲ್ಲಿ ಮಾತಾಡುತ್ತಾರೆ. ಆಶ್ರಮಗಳ ಗೋಡೆ ಮೇಲೆ ಈ ನಂಬರ್ ಬರೆಸಿ. ಹಿರಿಯರ ಸಹಾಯವಾಣಿ 14567 ಕೂಡ ಅದರ ಕೆಳಗೆ ಬರಲಿ. ಊಟ ಬಿಟ್ಟವರನ್ನು, ಗೋಡೆ ಕಡೆ ಮುಖ ಮಾಡಿ ಮಲಗಿದವರನ್ನು ನಾವು 'ಹಟ' ಅಂತ ಬಿಡುತ್ತೇವೆ, ಅದು ಖಿನ್ನತೆ ಇರಬಹುದು, ಅದಕ್ಕೆ ಔಷಧಿ ಇದೆ.

ಮಕ್ಕಳನ್ನೂ ಕರೆಗೆ ಸೇರಿಸಿ. ನಮ್ಮ ಭಾಗದ ಜನ ದುಡಿಯಲು ಗೋವಾ, ಮುಂಬೈ, ಪುಣೆ, ಬೆಂಗಳೂರಿಗೆ ಹೋಗುವುದು ತಲೆಮಾರಿನಿಂದ ನಡೆದಿದೆ. ತಂದೆ-ತಾಯಿಯನ್ನು ಆಶ್ರಮದಲ್ಲಿ ಬಿಟ್ಟವರೆಲ್ಲ ಕಟುಕರಲ್ಲ. ತಗಡಿನ ಶೆಡ್ಡಿನಲ್ಲಿ ಇರುವವರು ಹಾಸಿಗೆ ಹಿಡಿದ ತಾಯಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು? ಡಾಕ್ಟರ್ ಮಾತಾಡುವಾಗ ಮಗನೋ ಮಗಳೋ ಅದೇ ಕರೆಯಲ್ಲಿ ಇದ್ದರೆ ಆಪರೇಷನ್ ಬೇಕೋ ಬೇಡವೋ, ಆಸ್ಪತ್ರೆಗೆ ಸೇರಿಸಬೇಕೋ ಇಲ್ಲೇ ನೋಡಿಕೊಳ್ಳಬೇಕೋ ಅನ್ನುವ ತೀರ್ಮಾನ ಆ ಹೊತ್ತಿಗೇ ಆಗುತ್ತದೆ. ಈಗ ಅದು ಫೋನಿನಿಂದ ಫೋನಿಗೆ ಹೋಗಿ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯಾಗಿ ಮುಟ್ಟಿ, ದಿನಗಟ್ಟಲೆ ತಡವಾಗುತ್ತದೆ.

ಯಾರು ಮಾಡಬೇಕು ಅನ್ನುವ ಪ್ರಶ್ನೆಗೆ ನನಗೆ ತೋಚಿದ್ದು ಹೇಳುತ್ತೇನೆ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ (ಆರೋಗ್ಯ ಉಪಕೇಂದ್ರದ) ಸಮುದಾಯ ಆರೋಗ್ಯ ಅಧಿಕಾರಿಗೆ ವಾರದಲ್ಲಿ ಅರ್ಧ ದಿನ ಆಶ್ರಮದ ಡ್ಯೂಟಿ ಹಾಕಿ. ಅವರ ಬಳಿ ಇ-ಸಂಜೀವಿನಿ ಲಾಗಿನ್ ಈಗಾಗಲೇ ಇರುತ್ತದೆ, ಕೆಲಸ ಗೊತ್ತಿರುತ್ತದೆ. ಡಾಕ್ಟರ್ ಕಡೆಯಿಂದ ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಒಬ್ಬರ ಹೆಸರನ್ನು ಆಶ್ರಮಕ್ಕೆ ಗೊತ್ತು ಮಾಡಿ. ಹಿರಿಯರ ಆರೋಗ್ಯಕ್ಕೆ ಅಂತಲೇ ರಾಷ್ಟ್ರೀಯ ಕಾರ್ಯಕ್ರಮ 2010-11ರಿಂದ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರ ವಿಭಾಗ ಇರಬೇಕು ಅನ್ನುತ್ತದೆ. ಆ ವಿಭಾಗವೇ ಇದರ ಉಸ್ತುವಾರಿ ನೋಡಲಿ. ನಗರದಲ್ಲೇ ವೈದ್ಯಕೀಯ ಕಾಲೇಜುಗಳಿವೆ, ಪಿಜಿ ವಿದ್ಯಾರ್ಥಿಗಳಿಗೆ ಇದು ಕಲಿಯುವ ಜಾಗವೂ ಆಗುತ್ತದೆ, ಅವರನ್ನೂ ಕೇಳಿ ನೋಡಿ.

ಸಾಮಾನು ಏನೂ ಜಾಸ್ತಿ ಬೇಡ. ಡಿಜಿಟಲ್ ಬಿಪಿ ಮಷಿನ್, ಗ್ಲೂಕೋಮೀಟರ್, ಆಕ್ಸಿಮೀಟರ್, ಥರ್ಮಾಮೀಟರ್, ತೂಕದ ಯಂತ್ರ. ಇಷ್ಟು ಹತ್ತು ಸಾವಿರ ರೂಪಾಯಿಯ ಒಳಗೆ ಬರುತ್ತದೆ. ತೂಕದ ಯಂತ್ರ ಯಾಕೆ ಅಂದರೆ, ಹೃದಯ ಸೋತವರಿಗೆ ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದ ತೂಕ ಅಲ್ಲ, ಮೈಯಲ್ಲಿ ನಿಂತ ನೀರು. ಉಸಿರು ಕಟ್ಟುವ ಮೊದಲೇ ಅದು ಹೇಳುತ್ತದೆ. ದಾನಿಗಳು ಇವನ್ನೆಲ್ಲ ಕೊಡುತ್ತಾರೆ, ಅದಕ್ಕೆ ಸರ್ಕಾರ ಬೇಡ. ಗ್ಲೂಕೋಮೀಟರ್ ಸ್ಟ್ರಿಪ್ ಮಾತ್ರ ತಿಂಗಳು ತಿಂಗಳು ಬೇಕು, ಅದನ್ನು ಆರೋಗ್ಯ ಕೇಂದ್ರದಿಂದ ಕೊಡಿಸಿ.

ಔಷಧಿಯ ಮಾತು ಒಂದು ಉಳಿಯಿತು. ವಿಡಿಯೋದಲ್ಲಿ ಬರೆದ ಚೀಟಿ ತೆಗೆದುಕೊಂಡು ಹೋದರೆ ಒಂದು ಕಡೆ ಔಷಧಿ ಕೊಡಲಿಲ್ಲ, 'ರೋಗಿ ಎಲ್ಲಿ, ಕರಕೊಂಡು ಬರ್ರಿ' ಅಂದರು. ಬರಲು ಆಗದವರಿಗೇ ತಾನೇ ಈ ಚೀಟಿ? ಇ-ಸಂಜೀವಿನಿ ಚೀಟಿಗೆ ಆಶ್ರಮದ ಸಿಬ್ಬಂದಿಯ ಕೈಗೆ ಒಂದು ತಿಂಗಳ ಔಷಧಿ ಒಟ್ಟಿಗೆ ಕೊಡಬೇಕು ಅಂತ ನಿಮ್ಮ ಒಂದು ಸುತ್ತೋಲೆ ಹೊರಟರೆ ಅಷ್ಟಕ್ಕೇ ಎಷ್ಟೋ ಓಡಾಟ ತಪ್ಪುತ್ತದೆ. ಇದಂತೂ ನಾಳೆಯೇ ಆಗಬಹುದಾದ ಕೆಲಸ.

ಜಿಲ್ಲಾಧಿಕಾರಿಗಳೇ, ಈ ಪತ್ರ ಆರೋಗ್ಯ ಇಲಾಖೆಗೆ ಮಾತ್ರ ಬರೆಯದೆ ನಿಮಗೂ ಬರೆಯಲು ಕಾರಣ ಇದೆ. ವೃದ್ಧಾಶ್ರಮದ ವಿಷಯ ಒಂದು ಇಲಾಖೆಯದು, ಡಾಕ್ಟರ್ ಇನ್ನೊಂದು ಇಲಾಖೆಯವರು. ಎರಡನ್ನೂ ಒಂದೇ ಮೇಜಿಗೆ ತರಬಲ್ಲವರು ನೀವು. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಂ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಹಾಸಿಗೆ, ಪ್ರತ್ಯೇಕ ಸಾಲು, ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ, ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರ ಆರೈಕೆಯ ಅನುಭವ ಇರುವ ವೈದ್ಯಾಧಿಕಾರಿ ಎಲ್ಲವನ್ನೂ ಹೇಳುತ್ತದೆ. 22ನೇ ಕಲಂ ಈ ಕಾಯ್ದೆ ಜಾರಿ ಮಾಡುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕೊಡಲು ದಾರಿ ಮಾಡಿದೆ. 2011ರ ಜನಗಣತಿಯಲ್ಲೇ ರಾಜ್ಯದ ನೂರು ಜನರಲ್ಲಿ ಒಂಬತ್ತೂವರೆ ಜನ ಅರವತ್ತು ದಾಟಿದವರಿದ್ದರು. ಈಗ ಇನ್ನೂ ಜಾಸ್ತಿಯಾಗಿದ್ದಾರೆ.

ಮೊದಲು ಜಿಲ್ಲೆಯಲ್ಲಿ ಎಷ್ಟು ಆಶ್ರಮಗಳಿವೆ, ನೋಂದಣಿ ಆದವು ಎಷ್ಟು, ಆಗದವು ಎಷ್ಟು, ಎಷ್ಟು ಜನ ಹಾಸಿಗೆ ಹಿಡಿದಿದ್ದಾರೆ ಅಂತ ಒಂದು ಪಟ್ಟಿ ಮಾಡಿಸಿ. ಎಲ್ಲಾ ಕಡೆ ಒಟ್ಟಿಗೆ ಶುರು ಮಾಡುವುದು ಬೇಡ. ಒಂದು ನಗರದ ಆಶ್ರಮ, ಒಂದು ದೂರದ ತಾಲ್ಲೂಕಿನದು, ಎರಡರಲ್ಲಿ ಆರು ತಿಂಗಳು ನಡೆಸಿ. ಎಷ್ಟು ಕರೆ ಆಯಿತು ಅನ್ನುವುದನ್ನಷ್ಟೇ ಎಣಿಸಬೇಡಿ. ಎಷ್ಟು ಜನ ತುರ್ತಾಗಿ ಆಸ್ಪತ್ರೆ ಸೇರುವುದು ತಪ್ಪಿತು, ಎಷ್ಟು ಜನರ ಮಾತ್ರೆ ಕಡಿಮೆಯಾಯಿತು, ಎಷ್ಟು ಹಾಸಿಗೆ ಹುಣ್ಣು ಮಾಯಿತು ಅಂತ ಬರೆಸಿ. ನೆಟ್‌ವರ್ಕ್ ಸಿಗದ ಕಡೆ ಏನು, ಕರೆಂಟ್ ಹೋದಾಗ ಏನು, ಲಂಬಾಣಿ ಅಥವಾ ಮರಾಠಿ ಅಷ್ಟೇ ಬರುವ ಅಜ್ಜಿಯರಿಗೆ ಏನು ಅನ್ನುವುದೆಲ್ಲ ಆ ಆರು ತಿಂಗಳಲ್ಲೇ ಗೊತ್ತಾಗುತ್ತದೆ.

ನಮ್ಮ ಆಶ್ರಮದವರು ಮೊದಲನೆಯವರಾಗಲು ಒಪ್ಪಿದ್ದಾರೆ, ಕೋಣೆಯೂ ಇದೆ, ವೈಫೈ ಇದೆ. ಹಿರಿಯರ ಮಾತ್ರೆ ಪಟ್ಟಿಗಳನ್ನು ನಾನು ಒಬ್ಬೊಬ್ಬರದ್ದೂ ಬರೆದು ಸಿದ್ಧ ಮಾಡಿದ್ದೇನೆ. ಆಯಾಗಳಿಗೆ ಬಿಪಿ, ಶುಗರ್ ನೋಡುವುದು, ಗಾಯ ತೋರಿಸುವುದು, ಯಾವುದಕ್ಕೆ 108 ಕರೆಯಬೇಕು ಅನ್ನುವುದನ್ನು ಕಲಿಸಲು ನನ್ನಂತೆ ನಿವೃತ್ತರಾದ ನರ್ಸ್‌ಗಳು ಊರಲ್ಲಿ ಇನ್ನೂ ಇದ್ದಾರೆ, ಕರೆದರೆ ಬರುತ್ತಾರೆ, ಮಾತಾಡಿದ್ದೇನೆ. ನಿಮ್ಮ ಕಡೆಯಿಂದ ಬೇಕಾಗಿರುವುದು ಒಬ್ಬ ಡಾಕ್ಟರ ಹೆಸರು, ವಾರದ ಒಂದು ದಿನ, ಮತ್ತು ಆ ಔಷಧಿಯ ಸುತ್ತೋಲೆ. ಸಭೆಗೆ ಯಾವತ್ತು ಕರೆದರೂ ಪಟ್ಟಿಗಳ ಸಮೇತ ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ನರ್ಸ್
ವಿಜಯಪುರ